ಜಾಲವ್ಯವಹಾರದಲ್ಲಿ ಬಿನ್ನಹ ಮತ್ತು ಪ್ರತ್ಯುತ್ತರ

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಬೆಳೆ ಸಮೀಕ್ಷೆಯ ನಿದರ್ಶನದೊಡನೆ

೧. ವಿಷಯಪ್ರವೇಶ

ದೂರದಲ್ಲಿರುವವರಿಗೆ ಬಿನ್ನಹವನ್ನು ಕಳುಹಿಸಿ ಅವರ ಉತ್ತರಕ್ಕಾಗಿ ಕಾದಿರುವ ಪದ್ಧತಿಯು ಲೋಕವ್ಯವಹಾರದಲ್ಲಿ ಬಹು ಪ್ರಾಚೀನವಾದುದು. ಕನ್ನಡದಲ್ಲಿ ಓಲೆ, ಬಿನ್ನವತ್ತಳೆ, ನಿರೂಪ, ರಾಯಸ ಎಂಬ ಶಬ್ದಗಳು ಈ ವ್ಯವಹಾರದ ಬೇರೆಬೇರೆ ಅಂಗಗಳನ್ನು ಸೂಚಿಸುವುವು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಮೈಸೂರು ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಐಕ್ಯವಾಯಿತು. ಆದರೆ ಓಲೆಯು ಹೋಯಿತೇ, ಮುಟ್ಟಿತೇ, ಉತ್ತರವು ಬಂದೀತೇ ಎಂಬ ಕಾತರವು ಓಲೆಯ ಕಾಲದಲ್ಲಿದ್ದಂತೆಯೇ ಇಂದಿಗೂ ಇರುವುದು.

ಆ ಕಾತರವನ್ನು ಈಗ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಕಾಣಬಹುದು. ಕರ್ಣಾಟಕ ಸರ್ಕಾರವು ೨೦೧೭ರಿಂದ ಬೆಳೆ ಸಮೀಕ್ಷೆಯನ್ನು ಮೊಬೈಲ್ ಯಂತ್ರದ ಮೂಲಕ ನಡೆಸತೊಡಗಿತು. ೨೦೨೦ರ ಮುಂಗಾರಿನಲ್ಲಿ ರೈತನು ತನ್ನ ಹೊಲದ ಬೆಳೆಯನ್ನು ತಾನೇ ದಾಖಲಿಸುವುದಕ್ಕೆ ಅವಕಾಶವನ್ನು ಕಲ್ಪಿಸಿತು. ಹೊಲದಲ್ಲಿ ನಿಂತು ಸರ್ವೇ ನಂಬರನ್ನು ಆರಿಸಿ, ಬೆಳೆಯ ಹೆಸರನ್ನೂ ವಿಸ್ತೀರ್ಣವನ್ನೂ ನಮೂದಿಸಿ, ಛಾಯಾಚಿತ್ರವನ್ನು ತೆಗೆದು ಕಳುಹಿಸಬೇಕು. ಹೀಗೆ ಸಂಗ್ರಹವಾದ ದಾಖಲೆಯು ಪಹಣಿಯ ಬೆಳೆ ಕಲಮಿಗೂ, ಬೆಂಬಲ ಬೆಲೆಯ ಖರೀದಿಗೂ, ಬೆಳೆವಿಮೆಗೂ, ಅತಿವೃಷ್ಟಿ ಅನಾವೃಷ್ಟಿಗಳ ಪರಿಹಾರಕ್ಕೂ ಆಧಾರವಾಗಿರುವುದು. ಆದುದರಿಂದ ಒಂದು ಬಿನ್ನಹವು ದಾರಿಯಲ್ಲಿ ಕಳೆದುಹೋದರೆ, ಹೊಲದಲ್ಲಿ ರಾಗಿ ತೆನೆಬಿಟ್ಟಿದ್ದರೂ ದಾಖಲೆಯಲ್ಲಿ ಆ ಹೊಲವು ಬೀಳಾಗಿಯೇ ಉಳಿಯಬಹುದು.

ಮೊಬೈಲ್ ಯಂತ್ರವು ದೂರದ ಯಂತ್ರಕ್ಕೆ ಬಿನ್ನಹವನ್ನು ಹೇಗೆ ಕಳುಹಿಸುವುದು, ಉತ್ತರವನ್ನು ಹೇಗೆ ಪಡೆಯುವುದು, ಉತ್ತರವು ಬಾರದಿದ್ದಾಗ ಏನನ್ನು ತಿಳಿಯತಕ್ಕದ್ದು ಎಂಬುದು ಈ ಲೇಖನದ ವಿಷಯ. ಇದು ಯಂತ್ರಶಾಸ್ತ್ರಕ್ಕೆ ಸೇರಿದುದಾದರೂ ಇದರಲ್ಲಿ ಲಿಪಿಯ ಪ್ರಶ್ನೆಯೂ ಶಬ್ದಾರ್ಥದ ಪ್ರಶ್ನೆಯೂ ಅಡಗಿರುವುದರಿಂದ ಭಾಷಾಭ್ಯಾಸಿಗಳ ಗಮನಕ್ಕೆ ಅರ್ಹವಾಗಿದೆ.

೨. ಬಿನ್ನಹದ ಅಂಗಗಳು

ಬಿನ್ನಹವನ್ನು ಕಳುಹಿಸುವ ಯಂತ್ರಕ್ಕೆ ಕ್ಲಯಂಟ್ ಎಂದೂ ಅದನ್ನು ಸ್ವೀಕರಿಸಿ ಉತ್ತರ ಕೊಡುವ ಯಂತ್ರಕ್ಕೆ ಸರ್ವರ್ ಎಂದೂ ಹೆಸರು. ಸರ್ವರ್ ಎಂಬ ಇಂಗ್ಲಿಷ್ ಶಬ್ದಕ್ಕೆ ಸೇವೆಮಾಡುವವನೆಂದು ಅರ್ಥ. ಆದರೂ ಈ ವ್ಯವಹಾರದಲ್ಲಿ ಕಾದು ನಿಲ್ಲುವವನು ಕೇಳುವವನೇ ಆಗಿರುವುದು ಗಮನಾರ್ಹವಾಗಿದೆ. ಇವೆರಡರ ನಡುವಣ ಸಂಭಾಷಣೆಯ ನಿಯಮಾವಳಿಯೇ ಎಚ್‌ಟಿಟಿಪಿ. ಇದು ಟಿಮ್ ಬರ್ನರ್ಸ್-ಲೀ ಎಂಬ ವಿದ್ವಾಂಸರು ಸರ್ನ್ ಸಂಸ್ಥೆಯಲ್ಲಿ ೧೯೮೯ರಲ್ಲಿ ಸೂಚಿಸಿದ ಜಾಲಯೋಜನೆಯಿಂದ ಹುಟ್ಟಿತು. ಇದರ ೧.೦ ಎಂಬ ರೂಪವು ೧೯೯೬ರಲ್ಲಿಯೂ, ೧.೧ ಎಂಬುದು ೧೯೯೭ರಲ್ಲಿಯೂ, ಎರಡನೆಯ ರೂಪವು ೨೦೧೫ರಲ್ಲಿಯೂ, ಮೂರನೆಯದು ೨೦೨೨ರಲ್ಲಿಯೂ ಪ್ರಕಟವಾದುವು.

ಬಿನ್ನಹವು ಹೊರಡುವ ಮುನ್ನ ಮೂರು ಕಾರ್ಯಗಳು ನಡೆಯಬೇಕು. ಸರ್ವರಿನ ಹೆಸರಿನಿಂದ ಅದರ ಅಂಕರೂಪದ ವಿಳಾಸವನ್ನು ಕಂಡುಹಿಡಿಯುವುದು ಮೊದಲನೆಯದು. ಆ ವಿಳಾಸದೊಡನೆ ಸಂಪರ್ಕವನ್ನು ಏರ್ಪಡಿಸುವುದು ಎರಡನೆಯದು. ನಡುವೆ ಯಾರೂ ಓದದಂತೆ ಉಭಯ ಯಂತ್ರಗಳೂ ಒಂದು ಗೂಢಲಿಪಿಯನ್ನು ಒಪ್ಪಿಕೊಳ್ಳುವುದು ಮೂರನೆಯದು. ಇವುಗಳಲ್ಲಿ ಪ್ರತಿಯೊಂದಕ್ಕೂ ಕೆಲವು ಸಂದೇಶಗಳು ಹೋಗಿಬರಬೇಕಾಗುವುದರಿಂದ ಸಿಗ್ನಲ್ ದುರ್ಬಲವಾಗಿರುವ ಕಡೆಗಳಲ್ಲಿ, ಎಂದರೆ ನಾಗರಹೊಳೆಯ ಕಾಡಂಚಿನ ಗ್ರಾಮಗಳಂಥಲ್ಲಿ, ಬಿನ್ನಹದ ಮೊದಲ ಮಾತು ಹೊರಡುವುದಕ್ಕೆ ಮುಂಚೆಯೇ ಕಾಲವು ಕಳೆದುಹೋಗುವುದು. ಒಮ್ಮೆ ಏರ್ಪಟ್ಟ ಸಂಪರ್ಕವನ್ನು ಕೂಡಲೆ ಮುರಿಯದೆ ಮುಂದಿನ ಬಿನ್ನಹಗಳಿಗೂ ಬಳಸುವುದು ಈ ಕಾರಣದಿಂದಲೇ ಉತ್ತಮ ಕ್ರಮವೆನಿಸಿದೆ.

ಬಿನ್ನಹದಲ್ಲಿ ಒಂದು ಕ್ರಿಯಾಪದ, ಒಂದು ಸ್ಥಾನನಿರ್ದೇಶ, ಕೆಲವು ತಲೆಬರೆಹಗಳು ಮತ್ತು ಒಡಲು ಎಂಬ ನಾಲ್ಕು ಅಂಗಗಳುಂಟು. ಗೆಟ್ ಎಂಬ ಕ್ರಿಯಾಪದಕ್ಕೆ ಇದ್ದುದನ್ನು ತೋರಿಸೆಂದೂ, ಪೋಸ್ಟ್ ಎಂಬುದಕ್ಕೆ ಇದನ್ನು ಸ್ವೀಕರಿಸಿ ತಕ್ಕ ಕಾರ್ಯ ಮಾಡೆಂದೂ, ಪುಟ್ ಎಂಬುದಕ್ಕೆ ಈ ಸ್ಥಾನದಲ್ಲಿ ಇದನ್ನೇ ಇಡೆಂದೂ, ಡಿಲೀಟ್ ಎಂಬುದಕ್ಕೆ ತೆಗೆದುಹಾಕೆಂದೂ ತಾತ್ಪರ್ಯ. ತನ್ನ ಹೊಲದ ವಿವರವನ್ನು ನೋಡಬಯಸುವ ರೈತನ ಯಂತ್ರವು ಗೆಟ್ ಎನ್ನುವುದು. ಬೆಳೆಯ ವಿವರವನ್ನು ಹೊಸದಾಗಿ ಸಲ್ಲಿಸುವಾಗ ಸಾಮಾನ್ಯವಾಗಿ ಪೋಸ್ಟ್ ಎನ್ನುವುದು. ಈ ಭೇದದ ಪ್ರಯೋಜನವು ಮುಂದೆ ವಿಶದವಾಗುವುದು.

೩. ಲಿಪಿಯ ಪ್ರಶ್ನೆ

ಯಂತ್ರಗಳು ಅಕ್ಷರವನ್ನು ಅಕ್ಷರವಾಗಿ ಅರಿಯವು. ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೂಲಕವೇ ಅರಿಯುವುವು. ಸಾಮಾನ್ಯ ಜಾಲರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ಹುಣಸೂರು ಎಂಬ ಹೆಸರು ಓದುವವರಿಗೆ ನಾಲ್ಕು ಅಕ್ಷರ. ಯಂತ್ರಕ್ಕಾದರೋ ಹಕಾರ, ಉಕಾರ, ಣಕಾರ, ಸಕಾರ, ಊಕಾರ, ರಕಾರ, ಉಕಾರ ಎಂಬ ಏಳು ಚಿಹ್ನೆಗಳು, ಅರ್ಥಾತ್ ಇಪ್ಪತ್ತೊಂದು ಬೈಟುಗಳು. ಇದೇ ಹೆಸರನ್ನು ಬಿನ್ನಹದ ಸ್ಥಾನನಿರ್ದೇಶದಲ್ಲಿ ಬರೆಯಬೇಕಾದರೆ ಪ್ರತಿಯೊಂದು ಬೈಟನ್ನೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಾಕ್ಷರಗಳಿಂದ ಸೂಚಿಸಬೇಕಾಗಿ, ನಾಲ್ಕು ಅಕ್ಷರದ ಊರು ಅರವತ್ತಮೂರು ಚಿಹ್ನೆಗಳಷ್ಟು ಉದ್ದವಾಗುವುದು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದುಂಟು. ಹೆಗ್ಗಡದೇವನಕೋಟೆ ಎಂಬಲ್ಲಿಯ ದೇಕಾರದ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು. ಹ್ರಸ್ವವಾದ ಎತ್ವಕ್ಕೆ ದೀರ್ಘಚಿಹ್ನೆಯನ್ನು ಪ್ರತ್ಯೇಕವಾಗಿ ಸೇರಿಸಿಯೂ ಬರೆಯಬಹುದು. ಕೋಕಾರದ ಓತ್ವವೂ ಹಾಗೆಯೇ ಒಂದು ಚಿಹ್ನೆಯಾಗಿ ಇಲ್ಲವೆ ಮೂರು ಚಿಹ್ನೆಗಳ ಸಮುದಾಯವಾಗಿ ಇರಬಹುದು. ಮೊದಲ ರೀತಿಯಲ್ಲಿ ಆ ಊರಿನ ಹೆಸರಿಗೆ ಹದಿನಾಲ್ಕು ಚಿಹ್ನೆಗಳು, ಎರಡನೆಯದರಲ್ಲಿ ಹದಿನೇಳು. ಕಣ್ಣಿಗೆ ಎರಡೂ ಒಂದೇ. ಸಂಖ್ಯೆಗಳನ್ನು ಹೋಲಿಸುವ ಸರ್ವರಿಗೆ ಎರಡೂ ಬೇರೆ. ಇಂತಿರಲಾಗಿ ಊರು ಸಿಕ್ಕಲಿಲ್ಲವೆಂಬ ಉತ್ತರವು ಬರುವ ಸಂಭವವುಂಟು. ಹೋಲಿಸುವ ಮುನ್ನ ಎರಡು ಪಾಠಗಳನ್ನೂ ಒಂದೇ ರೂಪಕ್ಕೆ ತರುವ ಸಂಸ್ಕಾರವನ್ನು ಯೂನಿಕೋಡ್ ವ್ಯವಸ್ಥೆಯೇ ವಿಧಿಸಿದೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಪರಿಷ್ಕರಿಸುವವರಿಗೆ ಇದರ ಅಗತ್ಯವನ್ನು ವಿವರಿಸಬೇಕಾದುದಿಲ್ಲ.

ಊರಿನ ಹೆಸರುಗಳಲ್ಲಿ ಕಾಲಭೇದವೂ ರೂಢಿಭೇದವೂ ಸೇರಿಕೊಂಡಿವೆ. ಕೃಷ್ಣರಾಜನಗರ ತಾಲ್ಲೂಕು ಪೂರ್ವದಲ್ಲಿ ಎಡತೊರೆಯ ತಾಲ್ಲೂಕಾಗಿದ್ದಿತು. ಪಿರಿಯಾಪಟ್ಟಣವನ್ನು ಪೆರಿಯಾಪಟ್ಟಣವೆಂದು ಬರೆಯುವವರೂ ಇದ್ದಾರೆ. ಹೆಗ್ಗಡದೇವನಕೋಟೆಯಿಂದ ಸರಗೂರೂ, ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕುಗಳಾದುವು. ಆದುದರಿಂದ ಯಂತ್ರವ್ಯವಹಾರದಲ್ಲಿ ಹೆಸರನ್ನು ಓದುಗರಿಗಾಗಿ ಇಟ್ಟು, ಗ್ರಾಮವನ್ನು ಗುರುತಿಸುವುದಕ್ಕೆ ಸ್ಥಿರವಾದ ಒಂದು ಸಂಕೇತಾಂಕವನ್ನೇ ಆಶ್ರಯಿಸುವುದು ಯುಕ್ತವಾದುದು.

೪. ಪ್ರತ್ಯುತ್ತರದ ಅಂಕಗಳು

ಸರ್ವರ್ ಕೊಡುವ ಉತ್ತರದ ಆರಂಭದಲ್ಲಿ ಮೂರು ಸ್ಥಾನಗಳ ಒಂದು ಸಂಖ್ಯೆಯಿರುವುದು. ಎರಡರಿಂದ ಮೊದಲಾಗುವುವು ಅನುಕೂಲವಾದ ಉತ್ತರಗಳು. ಮೂರರಿಂದ ಮೊದಲಾಗುವುವು ಬೇರೆ ಸ್ಥಾನವನ್ನು ಸೂಚಿಸುವುವು. ನಾಲ್ಕರಿಂದ ಮೊದಲಾಗುವುವು ದೋಷವು ಬಿನ್ನಹದಲ್ಲಿದೆಯೆಂದೂ, ಐದರಿಂದ ಮೊದಲಾಗುವುವು ದೋಷವು ಸರ್ವರಿನ ಕಡೆಯದೆಂದೂ ತಿಳಿಸುವುವು. ೪೦೦ ಎಂದರೆ ಬಿನ್ನಹದ ರಚನೆಯು ಸರಿಯಿಲ್ಲ. ೪೦೧ ಎಂದರೆ ಬಂದವನು ಯಾರೆಂಬುದು ಸಿದ್ಧವಾಗಿಲ್ಲ. ೪೦೩ ಎಂದರೆ ಯಾರೆಂದು ತಿಳಿದರೂ ಅಧಿಕಾರವಿಲ್ಲ. ೪೦೪ ಎಂದರೆ ಕೇಳಿದ ವಸ್ತು ಇಲ್ಲಿಲ್ಲ. ೪೨೯ ಎಂದರೆ ಬಿನ್ನಹಗಳು ಅತಿಯಾದುವು. ೫೦೩ ಎಂದರೆ ಸದ್ಯಕ್ಕೆ ಸೇವೆಯು ಅಲಭ್ಯ.

ಈ ವಿಭಾಗವು ಬರಿಯ ಶಿಷ್ಟಾಚಾರವಲ್ಲ. ೪೦೦ ಎಂಬ ಉತ್ತರ ಬಂದಾಗ ಅದೇ ಬಿನ್ನಹವನ್ನು ನೂರು ಸಲ ಕಳುಹಿಸಿದರೂ ವ್ಯರ್ಥ, ತಿದ್ದಿ ಕಳುಹಿಸಬೇಕು. ೫೦೩ ಎಂಬುದು ಬಂದಾಗ ತಿದ್ದುವುದು ವ್ಯರ್ಥ. ಸ್ವಲ್ಪ ತಡೆದು ಕಳುಹಿಸಬೇಕು. ಮೊಬೈಲ್ ಆ್ಯಪ್ ಇವೆರಡನ್ನೂ ತಪ್ಪಾಗಿದೆಯೆಂಬ ಒಂದೇ ಮಾತಿನಿಂದ ತಿಳಿಸಿದಲ್ಲಿ, ತಾನು ಬೆಳೆಯ ಹೆಸರನ್ನು ತಪ್ಪಾಗಿ ಬರೆದೆನೋ ಬೆಂಗಳೂರಿನ ಯಂತ್ರವು ದಣಿದಿದೆಯೋ ಎಂಬುದು ರೈತನಿಗೆ ಎಂದಿಗೂ ತಿಳಿಯದು.

೫. ಮೌನದ ಅರ್ಥ

ಮೇಲೆ ಹೇಳಿದವುಗಳೆಲ್ಲ ಉತ್ತರವು ಬಂದಾಗಿನ ಮಾತು. ಉತ್ತರವೇ ಬಾರದಿರುವುದುಂಟು, ಜಾಲವ್ಯವಹಾರದ ನಿಜವಾದ ಕಷ್ಟವು ಇಲ್ಲಿಯೇ ಇದೆ. ಹೆಗ್ಗಡದೇವನಕೋಟೆಯ ಕಡೆಯ ಒಬ್ಬ ರೈತನು ತನ್ನ ಒಂದೆಕರೆ ಹೊಲದ ರಾಗಿಯನ್ನು ದಾಖಲಿಸಿ ಕಳುಹಿಸಿದನೆಂದು ಭಾವಿಸೋಣ. ಯಂತ್ರವು ಕೆಲವು ಕಾಲ ಕಾದು ಸುಮ್ಮನಾಯಿತು. ಇದಕ್ಕೆ ಕಾರಣಗಳು ಮೂರು ಇರಬಹುದು. ಬಿನ್ನಹವು ಸರ್ವರನ್ನು ಮುಟ್ಟದೆ ದಾರಿಯಲ್ಲಿಯೇ ಕಳೆದಿರಬಹುದು. ಮುಟ್ಟಿದರೂ ಕಾರ್ಯವು ಮುಗಿಯುವ ಮುನ್ನ ಸರ್ವರ್ ನಿಂತಿರಬಹುದು. ಅಥವಾ ದಾಖಲೆಯು ಸಾಂಗವಾಗಿ ನಡೆದು, ಆಯಿತೆಂಬ ಉತ್ತರ ಮಾತ್ರ ಹಿಂದಿರುಗುವಾಗ ಕಳೆದಿರಬಹುದು. ಹೊಲದಲ್ಲಿ ನಿಂತವನಿಗೆ ಈ ಮೂರರ ತೋರಿಕೆಯೂ ಒಂದೇ.

ಇನ್ನೊಂದು ದೃಢಪಡಿಕೆಯನ್ನು ಕೇಳಿದರೆ ಸಂದೇಹವು ಪರಿಹಾರವಾಗಬಾರದೇಕೆ ಎಂಬ ಆಕ್ಷೇಪವು ಬರಬಹುದು. ಆ ದೃಢಪಡಿಕೆಯೂ ಅದೇ ದಾರಿಯಲ್ಲಿ ಬರಬೇಕಾದುದು, ಅದೂ ಕಳೆಯಬಹುದು. ೧೯೭೫ರಲ್ಲಿ ಅಕ್ಕೊಯುನ್ಲು, ಏಕನಾಧಂ, ಹ್ಯೂಬರ್ ಎಂಬವರು ಪ್ರಕಟಿಸಿದ ಪ್ರಬಂಧದಲ್ಲಿ ಈ ತತ್ತ್ವವು ನಿರೂಪಿತವಾಗಿದೆ. ೧೯೭೮ರಲ್ಲಿ ಜಿಮ್ ಗ್ರೇ ಎಂಬವರು ಇದನ್ನು ಇಬ್ಬರು ಸೇನಾಪತಿಗಳ ದೃಷ್ಟಾಂತದಿಂದ ಪ್ರಸಿದ್ಧಿಗೆ ತಂದರು. ಕಣಿವೆಯ ಎರಡು ಕಡೆಗಳಲ್ಲಿ ಬೀಡುಬಿಟ್ಟ ಇಬ್ಬರು ಸೇನಾಪತಿಗಳು ದೂತರ ಮೂಲಕ ಏಕಕಾಲದ ದಾಳಿಯನ್ನು ನಿಶ್ಚಯಿಸಬೇಕು. ದೂತರು ನಡುವೆ ಸೆರೆಸಿಕ್ಕಬಹುದು. ಎಷ್ಟು ದೂತರು ಹೋಗಿಬಂದರೂ ಕಡೆಯ ದೂತನು ಮುಟ್ಟಿದನೋ ಇಲ್ಲವೋ ಎಂಬ ಸಂದೇಹ ಉಳಿದೇ ಉಳಿಯುವುದು. ಆದುದರಿಂದ ಮೌನವನ್ನು ನಿರಾಕರಣೆಯೆಂದು ತಿಳಿಯುವುದೂ ತಪ್ಪು. ಮೌನಂ ಸಮ್ಮತಿಲಕ್ಷಣಂ ಎಂಬ ಲೋಕೋಕ್ತಿಯನ್ನು ಇಲ್ಲಿ ಅನ್ವಯಿಸುವುದೂ ತಪ್ಪು.

೬. ಏಕಫಲತ್ವ

ಸಂದೇಹವು ನಿವಾರಣೆಯಾಗದಿದ್ದರೂ ಅದರಿಂದ ಹಾನಿಯಾಗದಂತೆ ಮಾಡಬಹುದು. ಬಾಗಿಲಿಗೆ ಅಗಳಿಹಾಕೆಂಬ ಆಜ್ಞೆಯನ್ನು ಎರಡು ಸಲ ಕೊಟ್ಟರೆ ದೋಷವಿಲ್ಲ; ಬಾಗಿಲು ಒಂದೇ ಸಲ ಮುಚ್ಚುವುದು. ಕಣಜಕ್ಕೆ ಒಂದು ಕೊಳಗ ರಾಗಿಯನ್ನು ಸುರಿಯೆಂಬ ಆಜ್ಞೆಯನ್ನು ಎರಡು ಸಲ ಕೊಟ್ಟರೆ ಎರಡು ಕೊಳಗ ಬೀಳುವುದು. ಮೊದಲನೆಯ ಬಗೆಯ ಕ್ರಿಯೆಗೆ ಇಂಗ್ಲಿಷಿನಲ್ಲಿ ಐಡೆಂಪೊಟೆಂಟ್ ಎಂದು ಹೆಸರು. ಬೀಜಗಣಿತಕ್ಕೆ ಸೇರಿದ ಈ ಶಬ್ದವನ್ನು ೧೮೭೦ರಲ್ಲಿ ಬೆಂಜಮಿನ್ ಪಿಯರ್ಸ್ ಎಂಬ ಗಣಿತಜ್ಞರು ರಚಿಸಿದರು. ಕನ್ನಡದಲ್ಲಿ ಇದನ್ನು ಏಕಫಲವೆನ್ನಬಹುದು. ಗೆಟ್, ಪುಟ್, ಡಿಲೀಟ್ ಎಂಬ ಕ್ರಿಯಾಪದಗಳು ನಿಯಮದಂತೆ ಏಕಫಲಗಳು. ಪೋಸ್ಟ್ ಎಂಬುದು ಹಾಗಲ್ಲ.

ಪೂರ್ವೋಕ್ತ ರೈತನ ಯಂತ್ರವು ಉತ್ತರ ಬಾರದೆ ಮತ್ತೊಮ್ಮೆ ಪೋಸ್ಟ್ ಮಾಡಿತೆನ್ನೋಣ. ಮೊದಲ ಬಿನ್ನಹವು ಮುಟ್ಟಿದ್ದರೆ, ಒಂದೆಕರೆ ಹೊಲದಲ್ಲಿ ಎರಡೆಕರೆ ರಾಗಿಯು ದಾಖಲಾಗುವುದು. ದಾಖಲೆಯು ಸಂದೇಹಾಸ್ಪದವಾಗಿ ಸತ್ಯವನ್ನು ನುಡಿದವನೇ ವಿಚಾರಣೆಗೆ ಗುರಿಯಾಗುವನು. ಮತ್ತೆ ಕಳುಹಿಸದೆ ಬಿಟ್ಟರೆ, ಮೊದಲನೆಯದು ಮುಟ್ಟದಿದ್ದ ಪಕ್ಷದಲ್ಲಿ ಬೆಳೆಯೇ ಇಲ್ಲವೆಂದಾಗುವುದು. ಈ ಉಭಯಸಂಕಟಕ್ಕೆ ಪರಿಹಾರವು ಸುಲಭವಾಗಿದೆ. ಬಿನ್ನಹವನ್ನು ಮೊದಲು ರಚಿಸುವಾಗಲೇ, ಜಾಲವಿರಲಿ ಇಲ್ಲದಿರಲಿ, ಮೊಬೈಲ್ ಯಂತ್ರವು ಅದಕ್ಕೆ ಮತ್ತೊಂದಕ್ಕಿಲ್ಲದ ಒಂದು ಗುರುತಿನ ಸಂಖ್ಯೆಯನ್ನು ಕೊಡಬೇಕು. ಎಷ್ಟು ಸಲ ಕಳುಹಿಸಿದರೂ ಅದೇ ಸಂಖ್ಯೆಯಿರಬೇಕು. ಸರ್ವರ್ ತಾನು ಕಂಡ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಅದೇ ಸಂಖ್ಯೆಯು ಮತ್ತೆ ಬಂದರೆ ಹೊಸ ದಾಖಲೆಯನ್ನು ಮಾಡದೆ ಹಳೆಯ ಉತ್ತರವನ್ನೇ ಹೇಳಬೇಕು. ಆಗ ಪೋಸ್ಟ್ ಎಂಬುದೂ ಏಕಫಲವಾಗುವುದು.

ಇದರೊಡನೆ ಇನ್ನು ಕೆಲವು ನಿಯಮಗಳೂ ಅವಶ್ಯವಾಗಿವೆ. ಖಚಿತವಾದ ಉತ್ತರವು ಬರುವವರೆಗೆ ಬಿನ್ನಹವನ್ನು ಮೊಬೈಲಿನ ಸ್ಥಿರಸ್ಮೃತಿಯಲ್ಲಿ ಉಳಿಸಿಕೊಳ್ಳಬೇಕು. ಯಂತ್ರವು ಆರಿ ಹತ್ತಿದರೂ ಅದು ಅಳಿಯಬಾರದು. ಮರುಪ್ರಯತ್ನಗಳ ನಡುವಣ ಅವಧಿಯು ಒಂದು, ಎರಡು, ನಾಲ್ಕು, ಎಂಟು ಸೆಕೆಂಡುಗಳಂತೆ ಬೆಳೆಯುತ್ತ ಹೋಗಬೇಕು. ಅದರಲ್ಲಿ ಸ್ವಲ್ಪ ಅನಿಯತತೆಯೂ ಇರಬೇಕು. ಹಾಗಿಲ್ಲದಿದ್ದರೆ ಗಡುವಿನ ಕೊನೆಯ ಸಂಜೆ ಸಾವಿರಾರು ಯಂತ್ರಗಳು ಒಂದೇ ಕ್ಷಣದಲ್ಲಿ ಮರಳಿ ಬಾಗಿಲು ತಟ್ಟಿ, ಚೇತರಿಸಿಕೊಳ್ಳುತ್ತಿರುವ ಸರ್ವರನ್ನು ಮತ್ತೆ ಕೆಡಹುವುವು. ಭಾರವಾದ ಛಾಯಾಚಿತ್ರವನ್ನು ಲಘುವಾದ ಬೆಳೆ ವಿವರದಿಂದ ಬೇರ್ಪಡಿಸಿ, ತುಂಡುತುಂಡಾಗಿ ಕಳುಹಿಸಿದರೆ ಕಡಿದುಹೋದಲ್ಲಿಂದಲೇ ಮುಂದುವರಿಯಬಹುದು. ರೈತನು ಹೊಲದಲ್ಲಿ ನಮೂದಿಸಿದ ಕಾಲವನ್ನೂ ಸರ್ವರ್ ಸ್ವೀಕರಿಸಿದ ಕಾಲವನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಗಡುವಿನೊಳಗೆ ನಮೂದಿಸಿ, ಸಿಗ್ನಲ್ ದೊರೆಯುವ ಸ್ಥಳವನ್ನು ಸೇರುವಷ್ಟರಲ್ಲಿ ಗಡುವು ಮೀರಿದವನಿಗೆ ನ್ಯಾಯ ದೊರೆಯಬೇಕಾದರೆ ಈ ಭೇದವೇ ಸಾಕ್ಷಿ.

೭. ಸರ್ವರಿನಿಂದ ಸರ್ವರಿಗೆ

ಬಿನ್ನಹವನ್ನು ಸ್ವೀಕರಿಸಿದ ಸರ್ವರ್ ಅನೇಕವೇಳೆ ತಾನೂ ಬಿನ್ನಹಮಾಡುವ ಕ್ಲಯಂಟಾಗುವುದು. ಜಮೀನಿನ ದಾಖಲೆಗಳು ೨೦೦೦ದ ಸುಮಾರಿನಲ್ಲಿ ಆರಂಭವಾದ ಭೂಮಿ ಯೋಜನೆಯ ಭಂಡಾರದಲ್ಲಿವೆ. ರೈತರ ನೋಂದಣಿಯು ಫ್ರೂಟ್ಸ್ ಎಂಬಲ್ಲಿ, ಬೆಳೆವಿಮೆಯ ವ್ಯವಹಾರವು ಸಂರಕ್ಷಣೆ ಎಂಬಲ್ಲಿ ಇದೆ. ಹೀಗೆ ಭಂಡಾರಗಳು ಬೇರೆಬೇರೆಯಾಗಿರುವಾಗ ಒಂದು ಉತ್ತರಕ್ಕಾಗಿ ಮತ್ತೊಂದನ್ನು ಕೇಳಬೇಕಾಗುವುದು ಸಹಜವೇ ಆಗಿದೆ. ಇಂಥ ಸರಪಣಿಯಲ್ಲಿ ಕಾಯುವ ಅವಧಿಗಳು ಹೊಂದಿಕೊಂಡಿರಬೇಕು. ಮೊಬೈಲು ಮೂವತ್ತು ಸೆಕೆಂಡು ಕಾಯುವುದಾಗಿದ್ದು, ಒಳಗಿನ ಸರ್ವರ್ ಇನ್ನೊಂದಕ್ಕಾಗಿ ಅರವತ್ತು ಸೆಕೆಂಡು ಕಾಯುವುದಾದರೆ, ರೈತನು ನಿರಾಶನಾಗಿ ಹೊರಟ ಮೇಲೆ ಕಾರ್ಯವು ಸಫಲವಾಗುವುದು. ಒಳಗಿನ ಅವಧಿಯು ಹೊರಗಿನದಕ್ಕಿಂತ ಕಡಿಮೆಯಾಗಿರಬೇಕೆಂಬುದು ಇದರಿಂದ ಸಿದ್ಧಿಸುವುದು. ಪದೇಪದೇ ವಿಫಲವಾಗುವ ಸರ್ವರನ್ನು ಕೆಲವು ಕಾಲ ಕೇಳದೆಯೇ ಬಿಟ್ಟು, ಬಿನ್ನಹವನ್ನು ಸರದಿಯಲ್ಲಿಟ್ಟು, ಆಮೇಲೆ ಪರೀಕ್ಷಿಸಿ ನೋಡುವುದೂ ಒಳ್ಳೆಯ ಕ್ರಮ.

ಭಂಡಾರಗಳ ನಡುವಣ ಈ ವ್ಯವಹಾರಕ್ಕೆ ರಹಸ್ಯಮುದ್ರೆಗಳು ಬೇಕಾಗುವುವು. ಅವು ಸರ್ವರಿನಲ್ಲಿಯೇ ಇರತಕ್ಕವು. ಮೊಬೈಲ್ ಆ್ಯಪ್ ಎಂಬುದು ಸಾವಿರಾರು ಕೈಗಳಿಗೆ ಹಂಚಿದ ಗ್ರಂಥದಂತೆ. ಅದರೊಳಗೆ ಬರೆದ ರಹಸ್ಯವನ್ನು ಬಲ್ಲವನು ಬಿಡಿಸಿ ಓದಬಲ್ಲನು.

೮. ಉಪಸಂಹಾರ

ಕಡೆಯದಾಗಿ ಶಬ್ದದ ವಿಚಾರ. ಎಚ್‌ಟಿಟಿಪಿಯ ಅನುಕೂಲವಾದ ಉತ್ತರಗಳಲ್ಲಿ ೨೦೦ ಎಂದರೆ ಕಾರ್ಯವು ಸಫಲವಾಯಿತೆಂದೂ, ೨೦೧ ಎಂದರೆ ಹೊಸದೊಂದು ದಾಖಲೆಯು ಉಂಟಾಯಿತೆಂದೂ, ೨೦೨ ಎಂದರೆ ಬಿನ್ನಹವು ಮುಂದಿನ ಕ್ರಮಕ್ಕಾಗಿ ಕೈಸೇರಿದೆ, ಕಾರ್ಯವು ಇನ್ನೂ ಮುಗಿದಿಲ್ಲವೆಂದೂ ಅರ್ಥ. ಈ ೨೦೨ಕ್ಕೆ ಇಂಗ್ಲಿಷಿನಲ್ಲಿ ಆಕ್ಸೆಪ್ಟೆಡ್ ಎಂದಿರುವುದರಿಂದ ಕನ್ನಡದಲ್ಲಿ ಅಂಗೀಕೃತವೆಂದು ಭಾಷಾಂತರಿಸುವ ಪ್ರಲೋಭನೆಯುಂಟಾಗುವುದು. ಅಂಗೀಕೃತವೆಂದು ಓದಿದ ರೈತನು ತನ್ನ ಬೆಳೆಯು ಒಪ್ಪಿತವಾಯಿತೆಂದು ನಿಶ್ಚಿಂತನಾಗುವನು. ಆದರೆ ಆ ಬಿನ್ನಹವು ಮುಂದೆ ತಿರಸ್ಕೃತವಾಗುವುದಕ್ಕೂ ಅವಕಾಶವಿದೆ. ಹಾಗೆಯೇ ಕಳುಹಿಸಲಾಗಿದೆ ಎಂಬ ಮಾತನ್ನು, ಬಿನ್ನಹವು ಇನ್ನೂ ಮೊಬೈಲಿನಲ್ಲಿಯೇ ಕುಳಿತಿರುವಾಗ ತೋರಿಸುವುದು ಅಸತ್ಯವೇ ಆಗುವುದು.

ಕನ್ನಡದಲ್ಲಿ ಈ ಅವಸ್ಥೆಗಳಿಗೆ ಸುಲಭವಾದ ಮಾತುಗಳು ಇದ್ದೇ ಇವೆ. ಬರೆದಿಟ್ಟಿದೆ, ಇನ್ನೂ ಹೋಗಿಲ್ಲ, ಕಳುಹಿಸಿದೆ, ಉತ್ತರ ಬಂದಿಲ್ಲ, ಮುಟ್ಟಿದೆ, ಪರಿಶೀಲನೆಯಲ್ಲಿದೆ, ದಾಖಲಾಗಿದೆ, ದಾಖಲಾಗಿಲ್ಲ, ಕಾರಣವಿದು ಎಂಬ ಐದು ವಾಕ್ಯಗಳು ಸಾಕು. ಇವುಗಳಲ್ಲಿ ಯಾವುದನ್ನು ಯಾವಾಗ ತೋರಿಸಬೇಕೆಂಬುದನ್ನು ಆ್ಯಪನ್ನು ರಚಿಸುವವರು ಗೊತ್ತುಮಾಡುವರು. ಆ ಮಾತುಗಳ ಅರ್ಥವನ್ನು ಖಚಿತಪಡಿಸುವುದರಲ್ಲಿ ಭಾಷೆಯನ್ನು ಬಲ್ಲವರ ನೆರವೂ ಬೇಕು. ಪಾರಿಭಾಷಿಕ ಶಬ್ದಗಳ ರಚನೆಯಲ್ಲಿ ತೊಡಗಿರುವವರು ಇಂಥ ಕಿರುವಾಕ್ಯಗಳನ್ನೂ ತಮ್ಮ ಕಾರ್ಯದೊಳಗೆ ಸೇರಿಸಿಕೊಳ್ಳುವುದು ಉಚಿತವಾದುದು. ಕಾಡಂಚಿನ ಹೊಲದಲ್ಲಿ ನಿಂತು ತೆರೆಯನ್ನು ನೋಡುತ್ತಿರುವವನು ಮನೆಗೆ ಹೋಗಬಹುದೋ, ಸಿಗ್ನಲ್ ಸಿಕ್ಕುವ ದಿಬ್ಬದವರೆಗೆ ಇನ್ನೊಮ್ಮೆ ನಡೆಯಬೇಕೋ ಎಂಬುದು ಅಲ್ಲಿ ತೋರುವ ಒಂದು ಕ್ರಿಯಾಪದವನ್ನು ಅವಲಂಬಿಸಿರುವುದು.